ಗುಳಿಗೆ ಮುಗಿದ ಮೇಲಿನ ಎರಡು ತಿಂಗಳು



ಪ್ರತಿ ಅಮಾವಾಸ್ಯೆಯಂದು ಶ್ರೀಮಠದ ದಾಸೋಹ ಮಂಟಪದ ಪಕ್ಕದ ಕೊಠಡಿಯಲ್ಲಿ ನಡೆಯುವ ಉಚಿತ ತಪಾಸಣೆಗೆ ನಾವು ಕುಳಿತುಕೊಳ್ಳಲಾರಂಭಿಸಿ ಬಹಳ ವರ್ಷಗಳಾದವು. ಮೊದಲು ಅಲ್ಲಿಗೆ ಬರುತ್ತಿದ್ದವರಲ್ಲಿ ಮಂಡಿನೋವು, ಕೆಮ್ಮು, ಚರ್ಮದ ತುರಿಕೆಯವರೇ ಹೆಚ್ಚು. ಇತ್ತೀಚೆಗೆ ಇನ್ನೊಂದು ಬಗೆಯ ರೋಗಿಗಳು ಕಾಣಿಸಿಕೊಳ್ಳುತ್ತಿದ್ದಾರೆ. ಅವರ ಕೈಯಲ್ಲಿ ನಗರದ ಆಸ್ಪತ್ರೆಯ ಎಂಡೋಸ್ಕೋಪಿ ವರದಿ ಇರುತ್ತದೆ, ವರದಿಯಲ್ಲಿ ‘ಎಚ್. ಪೈಲೋರಿ’ ಎಂಬ ಹೆಸರಿರುತ್ತದೆ. ಕೈಚೀಲದಲ್ಲಿ ಅರ್ಧ ಖಾಲಿಯಾದ ಗುಳಿಗೆಯ ಪಟ್ಟಿಗಳಿರುತ್ತವೆ. ಅವರು ಕೇಳುವ ಪ್ರಶ್ನೆಯೂ ಬಹುತೇಕ ಒಂದೇ: “ರೋಗಕ್ಕಿಂತ ಔಷಧವೇ ಹೆಚ್ಚು ಕಾಡುತ್ತಿದೆ, ನಿಲ್ಲಿಸಿಬಿಡಲೇ?”

ಈ ಪ್ರಶ್ನೆಗೆ ಒಂದು ಕಾಲದಲ್ಲಿ ನಾವು ತಪ್ಪು ಉತ್ತರ ಕೊಟ್ಟಿದ್ದೆವು. ಆ ಸಂಗತಿಯನ್ನು ಪೂಜ್ಯ ಶ್ರೀಗಳವರಲ್ಲಿ ನಿವೇದಿಸಿಕೊಂಡಾಗ, ತಪ್ಪು ತಿಳಿದ ಮೇಲೆ ಅದನ್ನು ನಾಲ್ಕು ಜನರಿಗೆ ಹೇಳುವುದೂ ದಾಸೋಹವೇ ಎಂದು ಅಪ್ಪಣೆ ಕೊಡಿಸಿದರು. ಆದುದರಿಂದ ಈ ತಿಂಗಳ ಅಂಕಣವನ್ನು ಅದಕ್ಕೇ ಮೀಸಲಿಟ್ಟಿದ್ದೇವೆ.

ಆರನೆಯ ದಿನ

ಇಪ್ಪತ್ತು ವರ್ಷಗಳ ಹಿಂದಿನ ಮಾತು. ಅಡತಿ ಅಂಗಡಿಯಲ್ಲಿ ಲೆಕ್ಕ ಬರೆಯುವ ಕಾಯಕದ ಒಬ್ಬ ಭಕ್ತರು ನಮ್ಮಲ್ಲಿಗೆ ಬಂದರು. ಹೊಟ್ಟೆಯುರಿ, ರಾತ್ರಿ ಹಸಿದಾಗ ಎದ್ದು ಕೂರಿಸುವ ನೋವು ಎಂದು ನಗರಕ್ಕೆ ಹೋಗಿ ತೋರಿಸಿಕೊಂಡಿದ್ದರು. ಜಠರದ ಮುಂದಿನ ಸಣ್ಣ ಕರುಳಿನ ಮೊದಲ ಭಾಗದಲ್ಲಿ ಹುಣ್ಣು ಇದೆ, ಜೀವಾಣುವೂ ಇದೆ ಎಂದು ಹದಿನಾಲ್ಕು ದಿನಗಳ ಔಷಧ ಬರೆದುಕೊಟ್ಟಿದ್ದರು. ಆರನೆಯ ದಿನ ಅವರು ನಮ್ಮ ಮುಂದೆ ಕುಳಿತು, “ಸಾಹೇಬ್ರ, ಈ ಗುಳಿಗಿ ನುಂಗಾಕ ಹತ್ತಿದಾಗಿಂದ ಬಾಯಿ ತಾಮ್ರದ ತಂಬಿಗಿ ನೆಕ್ಕಿದಂಗ ಆಗೇತ್ರಿ. ಊಟ ಸೇರಂಗಿಲ್ಲ, ದಿನಕ್ಕ ನಾಕು ಸಲ ಹೊರಗ ಹೋಗ್ತೀನಿ” ಎಂದರು.

ಆಗ ನಮ್ಮಲ್ಲಿ ವಿದ್ಯೆಗಿಂತ ಅಭಿಮಾನ ಹೆಚ್ಚಾಗಿತ್ತು. “ಆ ಉಷ್ಣದ ಔಷಧಗಳನ್ನು ಬಿಡಿ, ನಿಮ್ಮ ಅಗ್ನಿ ಕೆಟ್ಟಿದೆ, ನಾವು ಸರಿಪಡಿಸುತ್ತೇವೆ” ಎಂದು ಹೇಳಿ ಚೂರ್ಣ, ಘೃತಗಳನ್ನು ಕೊಟ್ಟೆವು. ಬೇಧಿ ನಿಂತಿತು, ಬಾಯಿರುಚಿ ಮರಳಿತು, ನೋವೂ ತಗ್ಗಿತು. ಅವರು ಸಂತೋಷಪಟ್ಟರು; ನಾವೂ ಬೀಗಿದೆವು.

ಎಂಟು ತಿಂಗಳ ನಂತರ, ಜಾತ್ರೆಯ ಮರುದಿನ, ಅವರಿಗೆ ಕಾಫಿಪುಡಿಯ ಬಣ್ಣದ ವಾಂತಿಯಾಯಿತು, ಡಾಂಬರಿನಂತಹ ಕಪ್ಪು ಮಲ ಹೋಯಿತು, ಬಚ್ಚಲಮನೆಯಲ್ಲಿಯೇ ಕುಸಿದರು. ಆಸ್ಪತ್ರೆಯಲ್ಲಿ ಮೂರು ಬಾಟಲಿ ರಕ್ತ ಕೊಟ್ಟು ಉಳಿಸಿದರು. ಪರೀಕ್ಷಿಸಿದಾಗ ಹುಣ್ಣು ಅದೇ, ಜೀವಾಣುವೂ ಅದೇ. ಅರ್ಧಕ್ಕೆ ಬಿಟ್ಟ ಔಷಧವನ್ನು ಇನ್ನು ನಂಬಲಾಗದು ಎಂದು ಅಲ್ಲಿಯ ವೈದ್ಯರು ಬೇರೆ ಔಷಧಗಳ ಗುಂಪನ್ನು ಕೊಟ್ಟರು. ಆ ಭಕ್ತರು ನಮ್ಮನ್ನು ಒಂದು ಮಾತೂ ಅನ್ನಲಿಲ್ಲ. ಅವರ ಪತ್ನಿ ಮಾತ್ರ ಆಸ್ಪತ್ರೆಯ ಬಾಗಿಲಲ್ಲಿ ಮೆಲ್ಲಗೆ ಕೇಳಿದರು: “ಆರನೇ ದಿನಾ ನಿಲ್ಲಿಸೂದು ಬ್ಯಾಡಾಗಿತ್ತೇನ್ರಿ?” ಅವರಿಗೆ ಅಂದು ಕೊಡಲಾಗದ ಉತ್ತರವನ್ನು ಇಂದು ಇಲ್ಲಿ ಬರೆಯುತ್ತಿದ್ದೇವೆ. ಹೌದು ತಾಯಿ, ನಿಲ್ಲಿಸಬಾರದಿತ್ತು.

ಯಾವುದು ಈ ಜೀವಾಣು?

ನಾವು ಆಯುರ್ವೇದ ಕಾಲೇಜಿನಲ್ಲಿ ಓದುತ್ತಿದ್ದ ಕಾಲಕ್ಕೆ ಜಠರದ ಹುಣ್ಣಿಗೆ ಚಿಂತೆ, ಖಾರ, ಹೆಚ್ಚಿದ ಆಮ್ಲ ಇವೇ ಕಾರಣವೆಂದು ಎಲ್ಲ ಪದ್ಧತಿಯ ವೈದ್ಯರೂ ನಂಬಿದ್ದರು. ಅಷ್ಟು ತೀಕ್ಷ್ಣವಾದ ಆಮ್ಲದಲ್ಲಿ ಯಾವ ಜೀವಾಣುವೂ ಬದುಕಲಾರದೆಂಬುದೇ ಅಂದಿನ ಪಾಠ. ಅದೇ ವರ್ಷಗಳಲ್ಲಿ ಆಸ್ಟ್ರೇಲಿಯಾದ ಪರ್ತ್ ನಗರದಲ್ಲಿ ರಾಬಿನ್ ವಾರೆನ್ ಮತ್ತು ಬ್ಯಾರಿ ಮಾರ್ಷಲ್ ಎಂಬ ಇಬ್ಬರು ವೈದ್ಯರು ರೋಗಿಗಳ ಜಠರದ ಪೊರೆಯಲ್ಲಿ ಸುರುಳಿಯಾಕಾರದ ಜೀವಾಣುವನ್ನು ಕಂಡರು. 1982ರಲ್ಲಿ ಅದನ್ನು ಪ್ರಯೋಗಾಲಯದಲ್ಲಿ ಬೆಳೆಸಿದರು. ಜನ ನಂಬದೇ ಇದ್ದಾಗ 1984ರಲ್ಲಿ ಮಾರ್ಷಲ್ ಆ ಜೀವಾಣುಗಳಿದ್ದ ದ್ರವವನ್ನು ತಾವೇ ಕುಡಿದು ಜಠರದ ಉರಿಯೂತಕ್ಕೆ ಒಳಗಾಗಿ ತೋರಿಸಿದರು. 2005ರಲ್ಲಿ ಅವರಿಬ್ಬರಿಗೂ ನೊಬೆಲ್ ಪ್ರಶಸ್ತಿ ಸಂದಿತು. ಇದಕ್ಕೂ ಮೊದಲೇ, 1994ರಲ್ಲಿ, ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಈ ಜೀವಾಣುವನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ಮೊದಲ ವರ್ಗದ ಕಾರಣಗಳಲ್ಲಿ ಸೇರಿಸಿತ್ತು.

ಭಾರತದಲ್ಲಿ ಈ ಜೀವಾಣು ಅರ್ಧಕ್ಕಿಂತ ಹೆಚ್ಚು ವಯಸ್ಕರ ಹೊಟ್ಟೆಯಲ್ಲಿದೆ. ಬಹುತೇಕ ಬಾಲ್ಯದಲ್ಲಿಯೇ, ಮನೆಯವರಿಂದ ಮನೆಯವರಿಗೆ, ಎಂಜಲು ಮತ್ತು ಅಶುದ್ಧ ನೀರಿನ ಮೂಲಕ ಅದು ಸೇರುತ್ತದೆ. ಇದ್ದವರಲ್ಲಿ ಹೆಚ್ಚಿನವರಿಗೆ ಯಾವ ತೊಂದರೆಯೂ ಆಗುವುದಿಲ್ಲ. ಇಲ್ಲಿಯೇ ನಮ್ಮ ಸಹೋದ್ಯೋಗಿಗಳಲ್ಲಿ ಕೆಲವರು, “ಹಾಗಿದ್ದರೆ ರೋಗಕ್ಕೆ ಕಾರಣ ಜೀವಾಣುವಲ್ಲ, ಅಗ್ನಿಮಾಂದ್ಯವೇ” ಎಂದು ವಾದಿಸುತ್ತಾರೆ. ಬೀಜದಷ್ಟೇ ಕ್ಷೇತ್ರವೂ ಮುಖ್ಯವೆಂಬುದು ನಮ್ಮ ಶಾಸ್ತ್ರದ ದೃಷ್ಟಿ. ಅದನ್ನು ನಾವು ಒಪ್ಪುತ್ತೇವೆ. ಆದರೆ ಒಮ್ಮೆ ಹುಣ್ಣು ಆದವರಲ್ಲಿ ಈ ಜೀವಾಣುವನ್ನು ನಿರ್ಮೂಲ ಮಾಡಿದರೆ ಹುಣ್ಣು ಮರಳುವುದು ಅಪರೂಪ. ಹಾಗೆಯೇ ಬಿಟ್ಟರೆ ಮರಳುವುದೇ ಹೆಚ್ಚು. ನಮ್ಮ ಯಾವ ಕಷಾಯ, ಚೂರ್ಣವೂ ಅದನ್ನು ಖಚಿತವಾಗಿ ನಿರ್ಮೂಲ ಮಾಡುತ್ತದೆಂದು ಇದುವರೆಗೆ ಸಿದ್ಧವಾಗಿಲ್ಲ. ಮಾಧವನಿದಾನದಲ್ಲಿ ಬರುವ ಪರಿಣಾಮಶೂಲ, ಅಂದರೆ ಅನ್ನ ಜೀರ್ಣವಾಗುವ ಹೊತ್ತಿಗೆ ಏಳುವ ನೋವು, ಈ ರೋಗವನ್ನೇ ಬಹಳಷ್ಟು ಹೋಲುತ್ತದೆ. ಲಕ್ಷಣವನ್ನು ಅಷ್ಟು ಸೂಕ್ಷ್ಮವಾಗಿ ಕಂಡ ಹಿರಿಯರಿಗೆ ಸೂಕ್ಷ್ಮದರ್ಶಕ ದೊರೆತಿದ್ದರೆ ಜೀವಾಣುವನ್ನೂ ಕಂಡು ಬರೆಯುತ್ತಿದ್ದರು ಎಂದೇ ನಾವು ಭಾವಿಸುತ್ತೇವೆ.

ಹದಿನಾಲ್ಕು ದಿನಗಳ ಕಷ್ಟ

ಈ ಚಿಕಿತ್ಸೆ ಸುಲಭದ್ದಲ್ಲ. ಆಮ್ಲ ತಗ್ಗಿಸುವ ಗುಳಿಗೆಯೊಂದು, ಅದರ ಜೊತೆಗೆ ಎರಡು ಬಗೆಯ ಆ್ಯಂಟಿಬಯೋಟಿಕ್‌ಗಳು, ಹಲವು ವೇಳೆ ಬಿಸ್ಮತ್ ಎಂಬ ನಾಲ್ಕನೆಯ ಔಷಧವೂ ಸೇರಿ, ಸಾಮಾನ್ಯವಾಗಿ 14 ದಿನ ತಪ್ಪದೆ ತೆಗೆದುಕೊಳ್ಳಬೇಕು. ಅಷ್ಟು ಗುಳಿಗೆಗಳನ್ನು ನುಂಗುವವರಿಗೆ ಏನೇನು ಆಗಬಹುದೆಂದು ಮೊದಲೇ ಹೇಳಿ ಕಳುಹಿಸಿದರೆ ಅರ್ಧ ಭಯ ಅಲ್ಲಿಯೇ ಕಳೆಯುತ್ತದೆ. ಹೇಳದೆ ಕಳುಹಿಸುವುದೇ ನಮ್ಮ ಕಾಲದ ದೊಡ್ಡ ದೋಷವೆಂಬುದು ನಮ್ಮ ಅಭಿಪ್ರಾಯ. ಚೀಟಿ ಬರೆಯಲು ಎರಡು ನಿಮಿಷ ಸಾಕು. ತಿಳಿಸಿ ಹೇಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷ ಉಳಿಸಿದ್ದರ ಬೆಲೆಯನ್ನು ರೋಗಿ ತೆರುತ್ತಾನೆ.

ಬಾಯಿ ಕಹಿಯಾಗುವುದು, ಲೋಹದ ರುಚಿ ಬರುವುದು, ಓಕರಿಕೆ, ಹಸಿವು ಕಡಿಮೆಯಾಗುವುದು, ದಿನಕ್ಕೆ ಮೂರು-ನಾಲ್ಕು ಸಲ ಸಡಿಲವಾಗಿ ಮಲ ಹೋಗುವುದು ಇವು ಸಾಮಾನ್ಯ. ಕ್ಲಾರಿಥ್ರೋಮೈಸಿನ್, ಮೆಟ್ರೋನಿಡಜೋಲ್ ಎಂಬ ಔಷಧಗಳಿದ್ದರೆ ಬಾಯಿರುಚಿ ಕೆಡದೇ ಇರುವವರು ಕಡಿಮೆ. ಔಷಧ ಮುಗಿದ ಮೇಲೆ ಇವು ತಾವಾಗಿಯೇ ಹೋಗುತ್ತವೆ. ಬಿಸ್ಮತ್ ಇದ್ದರೆ ಮಲ ಕಪ್ಪಾಗುತ್ತದೆ, ನಾಲಗೆಯೂ ಕಪ್ಪಾಗಬಹುದು. ಅದು ಔಷಧದ ಬಣ್ಣ, ಹೆದರಬೇಕಾಗಿಲ್ಲ. ಆದರೆ ಮಲವು ಡಾಂಬರಿನಂತೆ ಅಂಟಾಗಿ, ಅಸಹ್ಯ ವಾಸನೆಯಿಂದ ಕೂಡಿ, ಜೊತೆಗೆ ತಲೆಸುತ್ತು, ಬೆವರು, ಎದೆಬಡಿತ ಇದ್ದರೆ ಅದು ಒಳಗಿನ ರಕ್ತಸ್ರಾವ. ಆಗ ನಮ್ಮ ಬಳಿಗೂ ಬರಬೇಡಿ, ನೇರವಾಗಿ ದೊಡ್ಡ ಆಸ್ಪತ್ರೆಗೆ ಹೋಗಿರಿ.

ಔಷಧ ತೆಗೆದುಕೊಂಡ ಮೇಲೆ ಮೈಮೇಲೆ ದದ್ದು, ಮುಖ ತುಟಿಗಳ ಊತ, ಉಸಿರಾಟದ ಕಷ್ಟ ಕಾಣಿಸಿದರೆ ಅದು ಒಗ್ಗದಿಕೆ. ಪೆನಿಸಿಲಿನ್ ಒಗ್ಗದವರಿಗೆ ಅಮಾಕ್ಸಿಸಿಲಿನ್ ಕೂಡದು. ಹಿಂದೆಂದಾದರೂ ಇಂಜೆಕ್ಷನ್ ಆಗದಿದ್ದ ನೆನಪಿದ್ದರೆ ಮೊದಲೇ ಹೇಳಬೇಕು. ಗುಳಿಗೆಯನ್ನು ತಕ್ಷಣವೇ ನಿಲ್ಲಿಸಿ ವೈದ್ಯರ ಬಳಿಗೆ ಓಡಬೇಕಾದ ಸಂದರ್ಭಗಳಲ್ಲಿ ಇದೊಂದು.

ಬಾಯಿಯಲ್ಲಿ ಮೊಸರು ಅಂಟಿದಂತಹ ಬಿಳಿ ಪದರ, ಹೆಣ್ಣುಮಕ್ಕಳಲ್ಲಿ ಗುಪ್ತಾಂಗದ ತುರಿಕೆ ಮತ್ತು ಬಿಳಿಸೆರಗು ಇವು ಒಳ್ಳೆಯ ಜೀವಾಣುಗಳು ಅಳಿದಾಗ ಶಿಲೀಂಧ್ರ ಬೆಳೆಯುವುದರಿಂದ ಆಗುತ್ತವೆ. ನಮ್ಮ ತಾಯಂದಿರು ಸಂಕೋಚದಿಂದ ಇದನ್ನು ಯಾರಿಗೂ ಹೇಳದೆ ತಿಂಗಳುಗಟ್ಟಲೆ ನರಳಿದ್ದನ್ನು ಕಂಡಿದ್ದೇವೆ. ಇದಕ್ಕೆ ಸುಲಭವಾದ ಚಿಕಿತ್ಸೆಯಿದೆ, ಹೇಳಿಕೊಳ್ಳಿರಿ.

ಹಿರಿಯರ ವಿಷಯದಲ್ಲಿ ಇನ್ನಷ್ಟು ಎಚ್ಚರ ಬೇಕು. ಕೊಲೆಸ್ಟರಾಲ್ ತಗ್ಗಿಸುವ ಕೆಲವು ಗುಳಿಗೆಗಳು, ರಕ್ತ ತೆಳುವಾಗಿಸುವ ವಾರ್ಫರಿನ್, ಸಕ್ಕರೆ ಕಾಯಿಲೆಯ ಕೆಲವು ಗುಳಿಗೆಗಳು, ಹೃದಯದ ಡಿಗಾಕ್ಸಿನ್ ಇವುಗಳ ಬಲವನ್ನು ಕ್ಲಾರಿಥ್ರೋಮೈಸಿನ್ ಹೆಚ್ಚಿಸುತ್ತದೆ. ಮಾಂಸಖಂಡಗಳ ನೋವು, ರಕ್ತಸ್ರಾವ, ಸಕ್ಕರೆ ಒಮ್ಮೆಲೇ ಇಳಿಯುವುದು ಇವು ಆಗಬಹುದು. ದಿನವೂ ನುಂಗುವ ಎಲ್ಲ ಗುಳಿಗೆಗಳನ್ನೂ ಒಂದು ಚೀಲದಲ್ಲಿ ಹಾಕಿಕೊಂಡು ಹೋಗಿ ವೈದ್ಯರಿಗೆ ತೋರಿಸಿರಿ.

ನಮ್ಮ ಔಷಧದಿಂದಲೂ ಆಗುವ ತೊಂದರೆ

ಆಯುರ್ವೇದದ ಔಷಧಕ್ಕೆ ದುಷ್ಪರಿಣಾಮವಿಲ್ಲ ಎಂಬ ಮಾತು ನಮ್ಮ ಭಕ್ತರಲ್ಲಿ ಬಹಳ ಪ್ರಚಾರದಲ್ಲಿದೆ. ನಾವು ಅದನ್ನು ಒಪ್ಪುವುದಿಲ್ಲ. ಮೆಟ್ರೋನಿಡಜೋಲ್ ತೆಗೆದುಕೊಳ್ಳುವವರು ಮದ್ಯ ಮುಟ್ಟಬಾರದೆಂದು ವೈದ್ಯರು ಹೇಳುತ್ತಾರೆ. ಲಿಂಗವಂತರಾದ ನಮ್ಮ ಭಕ್ತರು “ಅದು ನಮಗೆ ಸಂಬಂಧವಿಲ್ಲ” ಎಂದುಕೊಂಡು, ಬೇಧಿ ನಿಲ್ಲಲೆಂದು ಮನೆಯಲ್ಲಿರುವ ಕುಟಜಾರಿಷ್ಟವನ್ನೋ, ಮಲಬದ್ಧತೆಗೆ ಅಭಯಾರಿಷ್ಟವನ್ನೋ ಕುಡಿಯುತ್ತಾರೆ. ಆಸವ, ಅರಿಷ್ಟಗಳು ಹುದುಗಿಸಿ ಮಾಡುವಂಥವು. ಅವುಗಳಲ್ಲಿ ತಾನಾಗಿ ಹುಟ್ಟಿದ ಮದ್ಯಾಂಶ ಸಾಮಾನ್ಯವಾಗಿ ಶೇಕಡ 5ರಿಂದ 10ರಷ್ಟು ಇರುತ್ತದೆ. ಮುಖ ಕೆಂಪೇರುವುದು, ತಲೆನೋವು, ವಾಂತಿ, ಎದೆಬಡಿತ ಆಗಬಹುದು. ಆ ಗುಳಿಗೆ ಮುಗಿದು ಮೂರು ದಿನ ಕಳೆಯುವವರೆಗೆ ಅರಿಷ್ಟಗಳು ಬೇಡ.

ಶಂಖಭಸ್ಮ, ಕಪರ್ದಿಕಾ ಭಸ್ಮಗಳಲ್ಲಿರುವ ಸುಣ್ಣದಂಶ, ಹಾಲು ಮೊಸರುಗಳಲ್ಲಿರುವ ಸುಣ್ಣದಂಶ, ಕಬ್ಬಿಣದ ಗುಳಿಗೆ ಇವು ಟೆಟ್ರಾಸೈಕ್ಲಿನ್ ಎಂಬ ಔಷಧವನ್ನು ಕಟ್ಟಿಹಾಕಿ ರಕ್ತಕ್ಕೆ ಸೇರದಂತೆ ಮಾಡುತ್ತವೆ. ಆ ಔಷಧವಿದ್ದರೆ ಇವುಗಳ ನಡುವೆ ಕನಿಷ್ಠ ಎರಡು-ಮೂರು ತಾಸಿನ ಅಂತರವಿರಲಿ. ಹುಣ್ಣಿಗೆ ನಾವು ಪ್ರೀತಿಯಿಂದ ಕೊಡುವ ಜ್ಯೇಷ್ಠಮಧುವೂ ಹೆಚ್ಚು ದಿನ, ಹೆಚ್ಚು ಪ್ರಮಾಣದಲ್ಲಿ ಸೇವಿಸಿದರೆ ರಕ್ತದೊತ್ತಡವನ್ನು ಏರಿಸುತ್ತದೆ, ದೇಹದ ಪೊಟ್ಯಾಸಿಯಂ ಅಂಶವನ್ನು ಇಳಿಸುತ್ತದೆ. ಬಿ.ಪಿ. ಇರುವವರು, ಹೃದಯದ ರೋಗಿಗಳು ಕೇಳದೆ ತೆಗೆದುಕೊಳ್ಳಬಾರದು.

ಅರ್ಧಕ್ಕೆ ಬಿಟ್ಟರೆ

ಐದಾರು ದಿನ ಔಷಧ ತೆಗೆದುಕೊಂಡು ಬಿಟ್ಟರೆ ದುರ್ಬಲ ಜೀವಾಣುಗಳು ಸಾಯುತ್ತವೆ, ಔಷಧವನ್ನು ತಡೆದುಕೊಂಡವು ಉಳಿಯುತ್ತವೆ. ಮುಂದೆ ಆ ಹೊಟ್ಟೆಯಲ್ಲಿ ಬೆಳೆಯುವುದು ಅವುಗಳ ಸಂತಾನವೇ. 2017ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯು ಹೊಸ ಔಷಧಗಳ ತುರ್ತು ಅಗತ್ಯವಿರುವ ಜೀವಾಣುಗಳ ಪಟ್ಟಿ ಮಾಡಿದಾಗ ಕ್ಲಾರಿಥ್ರೋಮೈಸಿನ್‌ಗೆ ಬಗ್ಗದ ಈ ಜೀವಾಣುವನ್ನೂ ಅದರಲ್ಲಿ ಸೇರಿಸಿತು. ನಮ್ಮ ದೇಶದಲ್ಲಿ ಮೆಟ್ರೋನಿಡಜೋಲ್‌ಗೆ ಬಗ್ಗದಿರುವುದು ಇನ್ನೂ ಹೆಚ್ಚು. ಕಾರಣ ದೂರದಲ್ಲಿಲ್ಲ. ಹೊಟ್ಟೆ ಕೆಟ್ಟಾಗಲೆಲ್ಲ ಔಷಧದಂಗಡಿಯಿಂದ ಎರಡು ಗುಳಿಗೆ ತಂದು ನುಂಗಿ, ಮೂರನೆಯ ದಿನ ಮರೆತುಬಿಡುವ ನಮ್ಮ ಅಭ್ಯಾಸವೇ ಕಾರಣ. ಹೀಗೆ ಬಿಟ್ಟವರ ಹೊಟ್ಟೆಯಲ್ಲಿ ಉಳಿದ ಬಲಿಷ್ಠ ಜೀವಾಣು ನಾಳೆ ಅದೇ ಮನೆಯ ಮಗುವಿನ ಹೊಟ್ಟೆಗೂ ಸೇರಬಹುದು.

ಆದುದರಿಂದ, ಒಗ್ಗದಿಕೆಯ ಲಕ್ಷಣಗಳು, ಇಲ್ಲವೆ ಮುಂದೆ ಹೇಳುವ ತೀವ್ರ ಬೇಧಿ ಇದ್ದ ಹೊರತು, ಬಾಯಿ ಕಹಿಯಾಯಿತೆಂದು, ಎರಡು ಸಲ ಹೊರಗೆ ಹೋಗಬೇಕಾಯಿತೆಂದು ನಿಲ್ಲಿಸಬೇಡಿ. ಕಷ್ಟವಾದರೆ ಬರೆದುಕೊಟ್ಟ ವೈದ್ಯರಿಗೇ ಫೋನು ಮಾಡಿ ಕೇಳಿರಿ. ಔಷಧ ಬದಲಿಸುವ ಅಧಿಕಾರ ಅವರದು.

ಪೂಜೆಯ ವೇಳೆಯ ಬಗ್ಗೆ ಅನೇಕರು ಕೇಳುತ್ತಾರೆ. ಇಷ್ಟಲಿಂಗ ಪೂಜೆಗೆ ಮೊದಲು ನೀರನ್ನೂ ಮುಟ್ಟದವರು ನಮ್ಮಲ್ಲಿ ಬಹಳ. ಆಮ್ಲ ತಗ್ಗಿಸುವ ಗುಳಿಗೆಯನ್ನು ಊಟಕ್ಕೆ ಅರ್ಧ ತಾಸು ಮೊದಲು ತೆಗೆದುಕೊಳ್ಳಬೇಕು. ಪೂಜೆ ಮುಗಿದ ಕೂಡಲೇ ಗುಳಿಗೆ, ಅರ್ಧ ತಾಸಿನ ಮೇಲೆ ಪ್ರಸಾದ, ಪ್ರಸಾದವಾದ ಮೇಲೆ ವೈದ್ಯರು ಹೇಳಿದಂತೆ ಉಳಿದ ಗುಳಿಗೆಗಳು. ಹೀಗೆ ಮಾಡಿದರೆ ನೇಮವೂ ಕೆಡದು, ಔಷಧವೂ ಕೆಡದು. ಆದರೆ ಈ ಹದಿನಾಲ್ಕು ದಿನ ಶ್ರಾವಣ ಸೋಮವಾರ ಬಂದರೂ ಉಪವಾಸ ಬೇಡ. ಕಾಯ ಸೊರಗಿದರೆ ಕಾಯಕವೂ ಸೊರಗುತ್ತದೆ.

ಮುಗಿದ ಮೇಲೆ ಬರುವ ತೊಡಕುಗಳು

ಗುಳಿಗೆ ಮುಗಿದ ದಿನವೇ ಚಿಕಿತ್ಸೆ ಮುಗಿಯಿತೆಂದು ತಿಳಿಯುವುದು ಎರಡನೆಯ ತಪ್ಪು. ಅನಂತರದ ಎರಡು ತಿಂಗಳಲ್ಲಿ ಕಾಣುವ ತೊಡಕುಗಳನ್ನು ಯಾರೂ ಹೇಳಿಕೊಡುವುದಿಲ್ಲ.

ಮೊದಲನೆಯದು, ಅತ್ಯಂತ ಅಪಾಯಕಾರಿಯಾದದ್ದು, ತೀವ್ರ ಬೇಧಿ. ಆ್ಯಂಟಿಬಯೋಟಿಕ್‌ಗಳಿಂದ ಕರುಳಿನ ಒಳ್ಳೆಯ ಜೀವಾಣುಗಳು ಅಳಿದಾಗ ಸಿ. ಡಿಫಿಸಿಲ್ ಎಂಬ ಜೀವಾಣು ಬೆಳೆದು ವಿಷ ಉತ್ಪಾದಿಸುತ್ತದೆ. ಇದು ಔಷಧ ನಡೆಯುತ್ತಿರುವಾಗಲೂ ಆಗಬಹುದು, ಮುಗಿದು ವಾರಗಳ ನಂತರವೂ ಆಗಬಹುದು. ದಿನಕ್ಕೆ ಹಲವು ಬಾರಿ ನೀರಿನಂತಹ ಬೇಧಿ, ಹೊಟ್ಟೆನುಲಿತ, ಜ್ವರ, ಕೆಲವೊಮ್ಮೆ ರಕ್ತ ಇದ್ದರೆ ಇದನ್ನು ಸಂಶಯಿಸಬೇಕು. ಅಂಗಡಿಯಲ್ಲಿ ಸಿಗುವ ಬೇಧಿ ಕಟ್ಟುವ ಗುಳಿಗೆಯನ್ನು ಇಲ್ಲಿ ನುಂಗಬಾರದು. ವಿಷ ಒಳಗೇ ಉಳಿಯುತ್ತದೆ. ಆಮಾತಿಸಾರದಲ್ಲಿ ಆರಂಭದಲ್ಲಿಯೇ ಸ್ತಂಭನ ಕೂಡದೆಂದು ನಮ್ಮ ಶಾಸ್ತ್ರವೂ ಎಚ್ಚರಿಸಿದೆ. ಇಂಥವರು ಮಜ್ಜಿಗೆ, ಕಷಾಯವೆಂದು ಮನೆಯಲ್ಲಿ ಕಾಲ ಕಳೆಯದೆ, “ಇಂತಿಂಥ ಔಷಧ ತೆಗೆದುಕೊಂಡಿದ್ದೆ” ಎಂಬ ಚೀಟಿಯೊಂದಿಗೆ ಆಸ್ಪತ್ರೆ ಸೇರಬೇಕು. ಹಿರಿಯರಲ್ಲಿ ಇದು ಪ್ರಾಣಕ್ಕೂ ಎರವಾಗಬಲ್ಲದು.

ಎರಡನೆಯದು, ಮರಳಿ ಬರುವ ಉರಿ. ಆಮ್ಲ ತಗ್ಗಿಸುವ ಗುಳಿಗೆಯನ್ನು ಕೆಲವು ವಾರಗಳ ಮೇಲೆ ನಿಲ್ಲಿಸಿದಾಗ, ಅದುವರೆಗೆ ತಡೆಹಿಡಿದಿದ್ದ ಆಮ್ಲ ಸ್ವಲ್ಪ ಕಾಲ ಮೊದಲಿಗಿಂತಲೂ ಹೆಚ್ಚಾಗಿ ಉಕ್ಕುತ್ತದೆ. ರೋಗಿ ಜೀವಾಣು ಮರಳಿತೆಂದು ಹೆದರಿ ಅದೇ ಔಷಧಗಳನ್ನು ತಾನೇ ಕೊಂಡು ನುಂಗುತ್ತಾನೆ, ಇಲ್ಲವೆ ಆಮ್ಲದ ಗುಳಿಗೆಯನ್ನು ಮತ್ತೆ ಹಿಡಿದವನು ವರ್ಷಗಟ್ಟಲೆ ಬಿಡುವುದಿಲ್ಲ. ಈ ಉರಿ ಸಾಮಾನ್ಯವಾಗಿ ಕೆಲವು ವಾರಗಳಲ್ಲಿ ಶಮನವಾಗುತ್ತದೆ. ವೈದ್ಯರನ್ನು ಕೇಳಿ ಗುಳಿಗೆಯನ್ನು ಹಂತಹಂತವಾಗಿ ಇಳಿಸಿದರೆ ಸಹಿಸುವುದು ಸುಲಭ.

ಮೂರನೆಯದು, ಆ ವರ್ಷಗಟ್ಟಲೆಯ ಅಭ್ಯಾಸದ ಫಲ. ಅನ್ನದಲ್ಲಿರುವ ಬಿ12 ಜೀವಸತ್ವ ಬಿಡುಗಡೆಯಾಗಲು ಜಠರದ ಆಮ್ಲ ಬೇಕು. ನಮ್ಮ ಭಕ್ತರು ಶಾಕಾಹಾರಿಗಳು. ಹಾಲು ಮೊಸರುಗಳನ್ನು ಬಿಟ್ಟರೆ ಅವರ ಆಹಾರದಲ್ಲಿ ಬಿ12 ಮೊದಲೇ ಕಡಿಮೆ. ಅದರ ಮೇಲೆ ಎರಡು-ಮೂರು ವರ್ಷ ಆಮ್ಲ ತಗ್ಗಿಸುವ ಗುಳಿಗೆ ನುಂಗಿದರೆ ಅಂಗಾಲು ಜುಮುಜುಮು ಎನ್ನುವುದು, ನಾಲಗೆ ಉರಿ, ಆಯಾಸ, ಮರೆವು ಶುರುವಾಗುತ್ತವೆ. ಇಂಥವರು ಒಮ್ಮೆ ಬಿ12 ಪರೀಕ್ಷೆ ಮಾಡಿಸಿಕೊಳ್ಳುವುದು ಒಳ್ಳೆಯದು.

ನಾಲ್ಕನೆಯದು, ನೋವುನಿವಾರಕ ಗುಳಿಗೆಗಳು. ಜೀವಾಣು ಹೋದರೂ ಮಂಡಿನೋವಿಗೆಂದು ಡೈಕ್ಲೋಫೆನಾಕ್, ಐಬುಪ್ರೊಫೇನ್‌ಗಳನ್ನು ಮನಬಂದಂತೆ ನುಂಗಿದರೆ ಹುಣ್ಣು ಬೇರೆ ದಾರಿಯಿಂದ ಬರುತ್ತದೆ. ಹೃದಯಕ್ಕೆಂದು ಆಸ್ಪಿರಿನ್ ತೆಗೆದುಕೊಳ್ಳುವವರು ಮಾತ್ರ ಇದನ್ನು ಓದಿ ತಾವಾಗಿಯೇ ನಿಲ್ಲಿಸಬಾರದು, ವೈದ್ಯರನ್ನು ಕೇಳಬೇಕು.

ಕೊನೆಯ ಪರೀಕ್ಷೆಯನ್ನು ಮರೆಯಬೇಡಿ

ನೋವು ಹೋದುದರಿಂದ ಜೀವಾಣು ಹೋಯಿತೆಂದು ಹೇಳಲಾಗದು. ನಮ್ಮ ಆ ಭಕ್ತರ ನೋವೂ ಹೋಗಿತ್ತು. ಆ್ಯಂಟಿಬಯೋಟಿಕ್ ಮುಗಿದು ಕನಿಷ್ಠ ನಾಲ್ಕು ವಾರಗಳಾದ ಮೇಲೆ, ವೈದ್ಯರ ಒಪ್ಪಿಗೆಯಿಂದ ಆಮ್ಲ ತಗ್ಗಿಸುವ ಗುಳಿಗೆಯನ್ನು ಎರಡು ವಾರ ನಿಲ್ಲಿಸಿ, ಉಸಿರಿನ ಪರೀಕ್ಷೆ ಅಥವಾ ಮಲದಲ್ಲಿ ಜೀವಾಣುವಿನ ಅಂಶ ಹುಡುಕುವ ಪರೀಕ್ಷೆ ಮಾಡಿಸಬೇಕು. ಅದಕ್ಕೂ ಮೊದಲು ಮಾಡಿಸಿದರೆ ಜೀವಾಣು ಇದ್ದರೂ ಇಲ್ಲವೆಂದು ತೋರಬಹುದು. ಕೆಲವೆಡೆ ಅಗ್ಗವೆಂದು ರಕ್ತಪರೀಕ್ಷೆ ಮಾಡುತ್ತಾರೆ. ಜೀವಾಣು ಸತ್ತು ತಿಂಗಳುಗಳು, ಕೆಲವರಲ್ಲಿ ವರ್ಷಗಳು ಕಳೆದರೂ ರಕ್ತದಲ್ಲಿ ಅದರ ಗುರುತು ಉಳಿದಿರುತ್ತದೆ. ಆ ಒಂದು ಗುರುತನ್ನು ನಂಬಿ ಗುಣವಾದವರಿಗೆ ಮತ್ತೆ ಹದಿನಾಲ್ಕು ದಿನ ಔಷಧ ನುಂಗಿಸುವುದು ಅನ್ಯಾಯ. ಎಚ್. ಪೈಲೋರಿ ಚಿಕಿತ್ಸೆಗೆ ಹೋದವರಲ್ಲಿ ಈ ಕೊನೆಯ ಪರೀಕ್ಷೆ ಮಾಡಿಸಿದವರು ನಮ್ಮ ಕೊಠಡಿಗೆ ಬಂದದ್ದು ತೀರ ವಿರಳ. ಬರೆದುಕೊಡುವ ವೈದ್ಯರು ಗುಳಿಗೆಯ ಚೀಟಿಯಲ್ಲಿಯೇ ಈ ಪರೀಕ್ಷೆಯ ದಿನಾಂಕವನ್ನೂ ಬರೆಯಬೇಕೆಂದು ನಾವು ವಿನಂತಿಸುತ್ತೇವೆ.

ಹಾಗಾದರೆ ಆಯುರ್ವೇದದ ಕೆಲಸವೇನು?

ಕೆಲಸ ಬಹಳವಿದೆ, ಅದು ಔಷಧ ನಿಲ್ಲಿಸುವುದರಲ್ಲಿಲ್ಲ, ಮುಗಿದ ಮೇಲೆ ಹೊಟ್ಟೆಯನ್ನು ಎತ್ತಿ ನಿಲ್ಲಿಸುವುದರಲ್ಲಿದೆ. ಪಂಚಕರ್ಮದಲ್ಲಿ ಶೋಧನವಾದ ಮೇಲೆ ಒಮ್ಮೆಲೇ ಹೊಟ್ಟೆ ತುಂಬ ಉಣ್ಣಿಸುವುದಿಲ್ಲ. ಮೊದಲು ಪೇಯ, ಆಮೇಲೆ ವಿಲೇಪಿ, ಆಮೇಲೆ ಯೂಷ, ಹೀಗೆ ತೆಳುವಿನಿಂದ ಗಟ್ಟಿಗೆ ಸಾಗುವ ಸಂಸರ್ಜನ ಕ್ರಮವಿದೆ. ಒಲೆಯಲ್ಲಿ ಆರುತ್ತಿರುವ ಕಿಡಿಗೆ ಮೊದಲು ಹುಲ್ಲು, ಆಮೇಲೆ ಪುಳ್ಳೆ, ಕೊನೆಗೆ ಕಟ್ಟಿಗೆ ಇಡುವಂತೆ. ಆ ಕ್ರಮವನ್ನೇ ನಾವು ಈ ರೋಗಿಗಳಿಗೆ ಹೊಂದಿಸಿಕೊಂಡಿದ್ದೇವೆ. ಮೊದಲ ವಾರ ಅಕ್ಕಿಯ ತೆಳು ಗಂಜಿ, ಹೆಸರುಬೇಳೆಯ ಕಟ್ಟು, ಎರಡನೆಯ ವಾರ ಮೆತ್ತಗೆ ಬೇಯಿಸಿದ ಜೋಳದ ನುಚ್ಚು, ಹೀರೆ, ಸೋರೆಯಂತಹ ಪಲ್ಯ, ಅನಂತರ ರೊಟ್ಟಿ. ರಂಜಕ, ಮಿರ್ಚಿಭಜಿ, ಖಾಲಿ ಹೊಟ್ಟೆಯ ಚಹಾ ಒಂದೆರಡು ತಿಂಗಳು ದೂರವಿರಲಿ. ಖಾರ ಹುಣ್ಣಿಗೆ ಮೂಲಕಾರಣವಲ್ಲ. ಆದರೆ ಮಾಯುತ್ತಿರುವ ಹೊಟ್ಟೆಗೆ ಉರಿ ಹೆಚ್ಚಿಸುತ್ತದೆ.

ಬೆಣ್ಣೆ ತೆಗೆದ, ಹುಳಿಯಿಲ್ಲದ ಹೊಸ ಮಜ್ಜಿಗೆಯನ್ನು ಗ್ರಹಣೀ ರೋಗದಲ್ಲಿ ಚರಕಸಂಹಿತೆ ಬಹುವಾಗಿ ಹೊಗಳಿದೆ. ಹೊಟ್ಟೆಯುಬ್ಬರ, ಸಡಿಲ ಮಲ ಇರುವವರಿಗೆ ಜೀರಿಗೆ ಪುಡಿ ಬೆರೆಸಿದ ಮಜ್ಜಿಗೆ ಹಿತ. ಆದರೆ ಉರಿ ಹೆಚ್ಚಾಗಿರುವವರಿಗೆ, ರಕ್ತಸ್ರಾವವಾದವರಿಗೆ ಮಜ್ಜಿಗೆ ಕೂಡದೆಂದು ಸುಶ್ರುತಸಂಹಿತೆ ತಡೆದಿದೆ ಎಂಬುದನ್ನೂ ನೆನಪಿಡಬೇಕು. ಕೈ ತೊಳೆಯುವುದು, ಕಾಯಿಸಿ ಆರಿಸಿದ ನೀರು, ಎಂಜಲು ಬೆರೆಸದಿರುವುದು ಇವು ಮನೆಯ ಉಳಿದವರನ್ನೂ ಕಾಯುತ್ತವೆ. ತಾಯಂದಿರು ತುತ್ತನ್ನು ತಾವು ಅಗಿದು ಮಗುವಿನ ಬಾಯಿಗಿಡುವ ಪ್ರೀತಿಯನ್ನು ಬಿಡುವುದೇ ಲೇಸು.

ಇಂಗ್ಲಿಷ್ ಔಷಧ, ನಾಟಿ ಔಷಧ ಎಂಬ ಜಗಳದಲ್ಲಿ ನಾವು ನಮ್ಮ ಯೌವನದ ಬಹಳಷ್ಟು ಮಾತುಗಳನ್ನು ಖರ್ಚು ಮಾಡಿದ್ದೇವೆ. ಆ ಜಗಳದಲ್ಲಿ ಸೋತವರು ವೈದ್ಯರಲ್ಲ. ಇಬ್ಬರ ನಡುವೆ ಅರ್ಧ ಗುಳಿಗೆ, ಅರ್ಧ ಚೂರ್ಣ ಹಿಡಿದು ನಿಂತ ರೋಗಿಗಳು. ನಮ್ಮ ಕಿರಿಯ ಬಿ.ಎ.ಎಂ.ಎಸ್. ವೈದ್ಯರಲ್ಲಿ ಒಂದು ಬಿನ್ನಹ. ಬೇರೊಬ್ಬರು ಆರಂಭಿಸಿದ ಚಿಕಿತ್ಸೆಯನ್ನು ನಡುವೆ ಕಡಿಯುವ ಮುನ್ನ ಆ ವೈದ್ಯರಿಗೊಂದು ಫೋನು ಮಾಡಿರಿ. ಅದರಿಂದ ನಮ್ಮ ಶಾಸ್ತ್ರದ ಗೌರವ ಕುಗ್ಗುವುದಿಲ್ಲ.

ಆ ಲೆಕ್ಕ ಬರೆಯುವ ಭಕ್ತರು ಈಗ ಎಪ್ಪತ್ತು ದಾಟಿದ್ದಾರೆ. ಎರಡನೆಯ ಬಾರಿ ಹದಿನಾಲ್ಕೂ ದಿನ ಔಷಧ ತೆಗೆದುಕೊಂಡರು. ಬಾಯಿ ಈ ಸಲವೂ ಕಹಿಯಾಗಿತ್ತು. ಅವರ ಪತ್ನಿ ಪ್ರತಿದಿನ ಗುಳಿಗೆಯ ಪಟ್ಟಿ ಎಣಿಸಿ ಗೋಡೆಯ ಕ್ಯಾಲೆಂಡರಿನಲ್ಲಿ ಗುರುತು ಹಾಕುತ್ತಿದ್ದರು. ಎರಡು ತಿಂಗಳ ಮೇಲೆ ಪರೀಕ್ಷೆಯಲ್ಲಿ ಜೀವಾಣು ಇಲ್ಲವೆಂದು ಬಂತು. ಪ್ರತಿ ಜಾತ್ರೆಯಲ್ಲಿಯೂ ಅವರು ದಾಸೋಹದ ಲೆಕ್ಕಕ್ಕೆ ಕೂರುತ್ತಾರೆ.

ಮುಂದಿನ ಅಮಾವಾಸ್ಯೆಗೆ ಬರುವವರು ವರದಿಯ ಜೊತೆಗೆ ಎಲ್ಲ ಗುಳಿಗೆಯ ಪಟ್ಟಿಗಳನ್ನೂ ತಪ್ಪದೆ ತನ್ನಿರಿ. ಎಷ್ಟು ದಿನ ಉಳಿದಿವೆ ಎಂದು ಕೂಡಿಯೇ ಎಣಿಸೋಣ. ನಿಲ್ಲಿಸಲೇ ಎಂದು ಕೇಳುವವರಿಗೆ, ಪೂರ್ಣ ಮಾಡುವುದು ಹೇಗೆಂಬುದನ್ನು ಹೇಳಿಕೊಡಲು ನಾವು ಅಲ್ಲಿರುತ್ತೇವೆ.